ಐದರಾಗ ಯಾವುದು ಬಿಡ್ಲಿ?

ನನಗೆ ಐದು ಕೆಲಸ ಬರುತ್ತವೆ. ಜಂಬಕ್ಕೆ ಹೇಳುತ್ತಿಲ್ಲ, ಇದರಿಂದ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ನಸುಕಿನಲ್ಲಿ ಎದ್ದು ಬಸ್ ಸ್ಟ್ಯಾಂಡಿನ ಖಾನಾವಳಿಗೆ ಎಪ್ಪತ್ತು ಖಡಕ್ ರೊಟ್ಟಿ ಬಡಿಯುತ್ತೇನೆ. ಹತ್ತು ಗಂಟೆಯ ಮೇಲೆ ಬ್ಲೌಸು ಹೊಲಿಯುತ್ತೇನೆ, ಸೀರೆಗೆ ಫಾಲ್ ಹಾಕುತ್ತೇನೆ. ಸಂಜೆ ಓಣಿಯ ಮಕ್ಕಳಿಗೆ ಲೆಕ್ಕದ ಟ್ಯೂಷನ್. ಮದುವೆಯ ದಿನಗಳಲ್ಲಿ ಮೆಹಂದಿ. ಐದನೆಯದು ಬೇರೆ ಥರದ್ದು. ನಮ್ಮಲ್ಲಿ ಹೆಂಗಸರು ತೀರಿಕೊಂಡರೆ ಮಣ್ಣಿಗೆ ಒಯ್ಯುವ ಮುಂಚೆ ಹೆಂಗಸರೇ ಮೈ ತೊಳೆದು, ಬಿಳಿ ಬಟ್ಟೆ ಸುತ್ತಿ ಕೊಡಬೇಕು. ಅದಕ್ಕೆ ಗುಸುಲ್ ಅನ್ನುತ್ತಾರೆ. ಅದನ್ನೂ ಮಾಡುತ್ತೇನೆ, ಅದಕ್ಕೆ ಒಂದು ಪೈಸೆ ಮುಟ್ಟುವುದಿಲ್ಲ.

ನಾವು ಪಿಂಜಾರರು. ಕೊಟ್ಟೂರಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿದುಕೊಂಡು ಬಂದ ಮನೆತನ. ಮಾವ ಹಸನ್ ಸಾಬರು ನಲವತ್ತು ವರ್ಷ ಅದೊಂದೇ ಕೆಲಸ ಮಾಡಿದರು. ನನ್ನ ಗಂಡ ಮುಜೀಬ ಹದಿಮೂರನೇ ವಯಸ್ಸಿಗೆ ಬೈಕ್ ರಿಪೇರಿಗೆ ಪಾನಾ ಹಿಡಿದವರು ಇನ್ನೂ ಕೆಳಗಿಟ್ಟಿಲ್ಲ. ಹೀಗಾಗಿ ಈ ಮನೆಯ ಗಂಡಸರ ಕಣ್ಣಿಗೆ ನಾನು ಒಂದು ಕಡೆ ನಿಲ್ಲದ ಹೆಂಗಸು.

"ಹತ್ತು ಕಟ್ಟೋ ಕಡಿ ಒಂದು ಮುತ್ತು ಕಟ್ಟು ಅಂತಾರ. ನೀನು ಹತ್ತೂ ಕಟ್ತೀದಿ, ಮುತ್ತು ಎಲ್ಲೈತಿ?" ಎಂದು ಮಾವ ಊಟಕ್ಕೆ ಕುಂತಾಗಲೆಲ್ಲ ಕೇಳುತ್ತಿದ್ದರು.

"ನಿಮ್ಮ ತಾಟಿನ್ಯಾಗ ಐತಿ ಮಾವ, ಮುರುಕಂಡು ತಿನ್ರಿ," ಅನ್ನುತ್ತಿದ್ದೆ.

ಅತ್ತೆ ಮುನ್ನೀ ಬೀ ಮಾತ್ರ ನಗುತ್ತಿದ್ದರು. ಗುಸುಲ್ ಅವರ ಕೆಲಸ. ಮೂವತ್ತು ವರ್ಷ ಮೂರು ಓಣಿಯ ಹೆಂಗಸರನ್ನು ತೊಳೆದು ಕಳಿಸಿದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಜೋತು ಬಿತ್ತು. ಆ ವಾರವೇ ಹಿಂದಿನ ಓಣಿಯಲ್ಲಿ ಒಬ್ಬಳು ತೀರಿಕೊಂಡಳು. ಕರೆಯಲು ಬಂದವರ ಮುಂದೆ ಅತ್ತೆ ನನ್ನ ಮುಖ ನೋಡಿದರು, ನಾನು ಎದ್ದು ಹೋದೆ. ಅಂದು ಅಂಜಿಕೊಂಡೇ ಮಾಡಿದೆ. ಆಮೇಲೆ ಅಂಜಿಕೆ ಹೋಯಿತು. ಹೇಳಿದರೆ ಹುಚ್ಚಿ ಅಂತೀರಿ, ಆ ಕೆಲಸ ನನಗೆ ಇಷ್ಟ. ಮೆಹಂದಿ ಕೋನು ಹಿಡಿದಾಗ ಕೈ ಎಷ್ಟು ಹಗುರ ಆಗುತ್ತದೋ ಅಲ್ಲೂ ಅಷ್ಟೇ ಹಗುರ ಆಗುತ್ತದೆ. ಇದನ್ನು ಯಾರಿಗೆ ಹೇಳುವುದು?

ಇಷ್ಟೆಲ್ಲ ನಡೆಯುತ್ತಿದ್ದದ್ದು ನಮ್ಮ ನಡುಮನೆಯೊಂದರಲ್ಲೇ. ಮಿಷನ್ನು ಅಲ್ಲಿ, ರೊಟ್ಟಿಯ ಗಂಟು ಅಲ್ಲಿ, ಅತ್ತೆಯ ಹಾಸಿಗೆ ಅಲ್ಲಿ, ಪಿಯುಸಿ ಎರಡನೇ ವರ್ಷದ ಮಗಳು ಗೌಸಿಯಾಳ ಪುಸ್ತಕ ಅಲ್ಲಿ. ಅವಳ ಭೌತಶಾಸ್ತ್ರದೊಳಗೆ ಬ್ಲೌಸಿನ ಹುಕ್ಕು, ನನ್ನ ಹಿಟ್ಟಿನೊಳಗೆ ದಾರ. ಅದಕ್ಕೇ ಗಂಡನ ಗ್ಯಾರೇಜಿನ ಪಕ್ಕದ ಸಣ್ಣ ಮಳಿಗೆ ಖಾಲಿಯಾದಾಗ ನಾನು ಬಾಡಿಗೆಗೆ ಹಿಡಿದೆ.

"ಮೂರು ತಿಂಗಳು ನೋಡ್ತೀನಿ," ಅಂದರು ಮುಜೀಬ. "ಮಳಿಗಿ ಬಾಡಿಗಿ ಮಳಿಗೀನ ದುಡೀಬೇಕು. ಇಲ್ಲಂದ್ರ ಬೀಗ ಹಾಕಿ ಮನಿಗೆ ಬರಬೇಕು, ಮತ್ತ ಅಳಬಾರ್ದು."

"ನಾ ಯಾವಾಗ ಅತ್ತೀನಿ?" ಅಂದೆ. ಏಳು ಮದುವೆಯ ಮೆಹಂದಿ ಆಗಲೇ ಕೈಯಲ್ಲಿತ್ತು, ಧೈರ್ಯ ಇತ್ತು.

ಬೋರ್ಡಿಗೆಂದು ನಾಲ್ಕು ಸಾಲು ಬರೆದು ಗಂಡನಿಗೆ ಕೊಟ್ಟೆ. ತಸ್ಲೀಮ್ ಲೇಡೀಸ್ ಕಾರ್ನರ್, ಬ್ಲೌಸ್-ಫಾಲ್, ಮದುಮಗಳ ಮೆಹಂದಿ, ಟ್ಯೂಷನ್ ಮತ್ತು ಖಡಕ್ ರೊಟ್ಟಿ. ಅವರ ಕೈಯಲ್ಲಿ ಬಿಚ್ಚಿದ ಇಂಜಿನ್ ಇತ್ತು, ಚೀಟಿಯನ್ನು ಅಪ್ಪನಿಗೆ ದಾಟಿಸಿದರು. ಮಾವ ಟೋಪಿ ಹಾಕಿಕೊಂಡು ಹುಲುಗೇಶನ ಫ್ಲೆಕ್ಸ್ ಅಂಗಡಿಗೆ ಹೋದರು. ಸಂಜೆ ನಾನು ಮಳಿಗೆಗೆ ಹೋಗುವಷ್ಟರಲ್ಲಿ ಬೋರ್ಡು ನೇತಾಡುತ್ತಿತ್ತು, ಕೆಳಗೆ ನಾಲ್ಕು ಮಂದಿ ಕತ್ತೆತ್ತಿ ಓದುತ್ತಿದ್ದರು.

ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ: ಹೆಣ್ಣು ಮಯ್ಯತ್‌ಗಳಿಗೆ ಗುಸುಲ್ ಮಾಡಿಕೊಡಲಾಗುವುದು, ಸಂಪೂರ್ಣ ಉಚಿತ. ಅದರ ಕೆಳಗೇ ಮದುಮಗಳ ಎರಡು ಕೈ, ಕೆಂಪಗೆ ಮೆಹಂದಿ ಹಚ್ಚಿದ್ದು.

ಮಾವ ಎದುರಿನ ಕಟ್ಟೆ ಮೇಲೆ ಕುಂತು ನೋಡುತ್ತಿದ್ದರು. ಮುಖದಲ್ಲಿ ಸಂತೋಷವೋ ಸಂತೋಷ.

"ನಾ ನಾಕ ಸಾಲು ಬರ್ದಿದ್ದೆ ಮಾವ, ಐದು ಹ್ಯಾಂಗಾದ್ವು?"

"ನೀ ಒಂದು ಮರ್ತಿದ್ದಿ. ನಾ ಬರೆಸಿದೆ."

"ಮರ್ತಿರಲಿಲ್ಲ, ಬಿಟ್ಟಿದ್ದೆ."

"ಯಾಕ ಬಿಡ್ತೀ? ಸವಾಬಿನ ಕೆಲಸ, ಐದರಾಗ ದೊಡ್ಡದು ಅದ. ಅಕ್ಷರ ದಪ್ಪ ಮಾಡಪಾ ಅಂತ ಹುಲುಗೇಶನ ಮಗ್ಗಲಾಗ ಕುಂತು ಹೇಳೀನಿ. ಪುಣ್ಯದ ಕೆಲಸ ಅಂತ ಅವ ಆ ಸಾಲಿಗೆ ರೊಕ್ಕನೂ ತಗಳಲಿಲ್ಲ."

ಮುಜೀಬ ಗ್ಯಾರೇಜಿನಿಂದ ಎದ್ದು ಬಂದು ಓದಿದರು. ಕೈಯಲ್ಲಿದ್ದ ಪಾನಾ ಕೆಳಗೆ ಬಿತ್ತು. "ಅಬ್ಬಾ! ಮ್ಯಾಲೆ ಹೆಣ, ಕೆಳಗ ಮದುಮಗಳು. ಇದನ್ನ ನೋಡಿ ಯಾವಾಕಿ ಕೈ ಚಾಚ್ತಾಳ?"

"ಯಾಕ ಚಾಚಂಗಿಲ್ಲ? ಎರಡೂ ಒಳ್ಳೆ ಕೆಲಸನ ಅಲ್ಲೇನು?" ಅಂದರು ಮಾವ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಒಳ್ಳೆಯದು ಮಾಡಲು ಹೊರಟ ಮುದುಕರನ್ನು ಬೈಯುವುದು ಹೇಗೆ ಎಂದು ನನಗೂ ಗೊತ್ತಾಗಲಿಲ್ಲ. ಏಣಿ ತರಿಸಿ ಅರ್ಧ ತಾಸಿನಲ್ಲಿ ಬೋರ್ಡು ಇಳಿಸಿದೆವು. ಆದರೆ ಅಷ್ಟರಲ್ಲಿ ಯಾರೋ ಫೋಟೋ ಹೊಡೆದಿದ್ದರು. ರೊಟ್ಟಿ ಉಣ್ಣುವ ಹೊತ್ತಿಗೆ ಅದು ಗೌಸಿಯಾಳ ಫೋನಿಗೇ ಬಂತು. ಕೆಳಗೆ ಬರೆದಿದ್ದರು: ಮದುವೆಯಿಂದ ಮಣ್ಣಿನ ತನಕ ಎಲ್ಲ ಒಂದೇ ಕಡೆ.

"ಅಮ್ಮಿ, ನಾಳೆ ನಾ ಕಾಲೇಜಿಗೆ ಹ್ಯಾಂಗ ಹೋಗ್ಲಿ?" ಎಂದು ಮಗಳು ತಾಟು ತಳ್ಳಿದಳು.

ಮೊದಲು ಫೋನ್ ಮಾಡಿದ್ದು ನಮ್ಮವರೇ. ಓಣಿಯ ತುದಿಯ ಖಲಂದರನ ತಂಗಿಯ ಮದುವೆಗೆ ನಾನೇ ಮೆಹಂದಿ ಹಾಕಬೇಕಿತ್ತು. ಎರಡು ವರ್ಷದ ಹಿಂದೆ ಅವರಜ್ಜಿಯನ್ನು ತೊಳೆದವಳೂ ನಾನೇ. ಆಗ ನನ್ನ ಕೈ ಹಿಡಿದು ಅತ್ತಿದ್ದ ಅವರವ್ವ ಈಗ ಫೋನಿನಲ್ಲಿ ಹೇಳಿದಳು, "ತಪ್ಪು ತಿಳೀಬ್ಯಾಡ ತಸ್ಲೀಮ್. ನನಗೇನಿಲ್ಲ. ಗಂಡಿನ ಕಡ್ಯಾರು ಏನರ ಅಂತಾರ ಅಂತ."

"ಮೊದ್ಲೂ ಮಾಡ್ತಿದ್ನಲ್ಲವಾ. ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು. ಬರ್ದು ಹಚ್ಚಿರಲಿಲ್ಲಲ್ಲ."

ಹದಿನೈದು ದಿನದಲ್ಲಿ ಏಳರಲ್ಲಿ ಐದು ಮದುವೆ ಕೈಬಿಟ್ಟವು. ಕೇಳಿದರೆ ಯಾರಿಗೂ ಏನೂ ಅಡ್ಡಿ ಇರಲಿಲ್ಲ, ಗಂಡಿನ ಕಡೆಯವರಿಗೇ ಎಲ್ಲ. ಒಬ್ಬಳಂತೂ ಹೊಲಿಯಲು ಕೊಟ್ಟಿದ್ದ ಬ್ಲೌಸ್ ಬಟ್ಟೆಯನ್ನೂ ಕೇಳಿ ತೆಗೆದುಕೊಂಡು ಹೋದಳು. ನಾನು ಅರ್ಧ ಕತ್ತರಿಸಿದ್ದೆ. ಕತ್ತರಿಸಿದ್ದನ್ನೇ ಮಡಚಿ ಕೊಟ್ಟೆ.

ಒಂದು ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಂತಿದ್ದೆವು. ಮುಜೀಬ ಬದನೆಕಾಯಿ ಎಣಗಾಯಿ ಬಡಿಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, "ಒಂದು ಬಿಟ್ಟುಬಿಡು," ಅಂದರು.

"ಐದರಾಗ ಯಾವುದು ಬಿಡ್ಲಿ?"

"ಇದ್ರಾಗ ಕೇಳೋದೇನೈತಿ? ಗುಸುಲ್ ಬಿಡು. ಮಳಿಗಿ ಉಳೀತೈತಿ."

"ಲೇ ಮುಜೀಬ, ನಾಲಿಗಿ ಬಿಗಿ ಹಿಡಿ," ಅಂದರು ಮಾವ. "ಮೆಹಂದಿ ಬಿಡ್ಲಿ. ಅದೇನು ಹೊಟ್ಟಿ ತುಂಬ್ಸೋ ಕೆಲಸೇನು? ಎರಡು ದಿನಕ್ಕ ಅಳಿಸಿ ಹೋಗ್ತೈತಿ."

"ಅಜ್ಜ, ನಿನ್ನಿಂದಾನ ಇದೆಲ್ಲ ಆಗಿದ್ದು, ಸುಮ್ನಿರು," ಗೌಸಿಯಾ ನಡುವೆ ಬಾಯಿ ಹಾಕಿದಳು. "ಅಮ್ಮಿ ರೊಟ್ಟಿ ಬಿಡ್ಲಿ. ನನ್ನ ಯೂನಿಫಾರ್ಮೆಲ್ಲ ಹೊಗಿ ವಾಸನಿ. ಇಲ್ಲ ಟ್ಯೂಷನ್ ಬಿಡ್ಲಿ, ಆ ಹುಡುಗರ ಮಗ್ಗಿ ಕೇಳಿ ಕೇಳಿ ನನ್ನ ತಲಿ ಕೆಟ್ಟೈತಿ."

ನನಗೆ ರೇಗಿತು. ಹಾಲು ಉಕ್ಕಿದ ಹಾಗೆ ಉಕ್ಕಿತು. "ಹೌದ್ರಪಾ, ಒಬ್ಬೊಬ್ಬರಿಗೆ ಒಂದೊಂದು ಬ್ಯಾಡ. ಎಲ್ಲಾರೂ ಹೇಳಿದ್ದು ಕೂಡಿಸಿದ್ರ ನಾಕ ಬಿಟ್ಟಂಗಾತು. ಉಳಿದಿದ್ದು ಫಾಲ್ ಹಚ್ಚೋದು. ಅದು ಬಿಟ್ರ ಹಾಸಿಗಿ ಹಾಸ್ಕಂಡು ಮಲಗ್ತೀನಿ. ಈ ಎಣಗಾಯಿ ಎಲ್ಲಿಂದ ಬಂತು ಅಂತ ಯಾರರ ಕೇಳಿದ್ರೇನು? ಎಣ್ಣಿ ಟ್ಯೂಷನ್ನಿಂದು, ಶೇಂಗಾ ರೊಟ್ಟೀದು, ಬದ್ನಿಕಾಯಿ ಬ್ಲೌಸಿಂದು. ಉಣ್ರಿ."

ಎಲ್ಲರೂ ಉಂಡರು. ಅತ್ತೆ ಬಲಗೈಯಿಂದ ನಿಧಾನವಾಗಿ ರೊಟ್ಟಿ ಮುರಿಯುತ್ತ ಕುಂತಿದ್ದರು. ಅವರು ಏನಾದರೂ ಅಂದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಮುಂದಿನ ವಾರ ಹರಪನಹಳ್ಳಿಯಿಂದ ಸೌಭಾಗ್ಯ ಎಂಬಾಕೆ ಕಾರಿನಲ್ಲಿ ಬಂದರು. ಗೊಬ್ಬರದ ಅಂಗಡಿಯವರ ಮನೆ. ಮಗಳ ಮದುವೆಗೆ ಹನ್ನೊಂದು ಬ್ಲೌಸು, ಮದುಮಗಳಿಗೆ ಮೊಣಕೈ ತನಕ ಮೆಹಂದಿ, ಮನೆಯ ಹೆಂಗಸರಿಗೆಲ್ಲ ಸಣ್ಣ ಕೈ, ಅಂದರೆ ಅಂಗೈಗಷ್ಟೇ ಮೆಹಂದಿ. ನನ್ನ ಹಳೆಯ ಚಿತ್ರಗಳನ್ನು ಫೋನಿನಲ್ಲಿ ನೋಡಿ ಮಗಳು ಹಟ ಹಿಡಿದಿದ್ದಳಂತೆ. ಇದೊಂದು ಆರ್ಡರಿನಲ್ಲೇ ಎರಡು ತಿಂಗಳ ಬಾಡಿಗೆ ಹುಟ್ಟುತ್ತಿತ್ತು. ಅತ್ತೆ ಮಳಿಗೆಯ ಹೊಸ್ತಿಲ ಬಳಿ ಕುಂತು ಒಂದೇ ಕೈಯಲ್ಲಿ ಹುಕ್ಕು ಬೇರೆ, ಗುಂಡಿ ಬೇರೆ ಮಾಡುತ್ತಿದ್ದರು.

ಅಳತೆ ಎಲ್ಲ ಮುಗಿದ ಮೇಲೆ ಸೌಭಾಗ್ಯ ದನಿ ತಗ್ಗಿಸಿದರು. "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ್ರಿ. ಆ ಫೋಟೋ ನಮ್ಮ ಗ್ರೂಪಿಗೂ ಬಂದಿತ್ತು. ನೀವು ಅದನ್ನ ಈಗ್ಲೂ ಮಾಡ್ತೀರಾ?"

ನಾನು ಟೇಪು ಸುತ್ತುತ್ತಿದ್ದೆ.

"ಮದುವೆ ಮನೆ ನೋಡ್ರಿ. ನಮ್ಮತ್ತೆ ಭಾಳ ಶಾಸ್ತ್ರ ಮಾಡ್ತಾರೆ. ಬಿಟ್ಟೀನಿ ಅಂತ ಒಂದ್ ಮಾತು ಹೇಳಿಬಿಡ್ರಿ, ಸಾಕು. ನಾನು ಅವರಿಗೆ ಹೇಳ್ಕಂತೀನಿ."

"ಬಿಟ್ಟೀನ್ರಿ," ಅಂದೆ.

ಎಷ್ಟು ಸುಲಭವಾಗಿ ಬಂತು ಆ ಮಾತು! ಅವರು ಮುಂಗಡ ಕೊಟ್ಟು ಕಾರು ಹತ್ತಿದರು. ಅತ್ತೆ ಹುಕ್ಕಿನ ಡಬ್ಬಿಯ ಮುಚ್ಚಳ ಹಾಕಲು ಒದ್ದಾಡುತ್ತಿದ್ದರು, ನಾನು ಹೋಗಿ ಹಾಕಿದೆ.

"ಬಾಯಿ ಮಾತಿಗೆ ಅಂದ್ಯೋ, ಖರೇನ ಬಿಟ್ಯೋ?"

"ಗೊತ್ತಿಲ್ಲತ್ತಿ."

"ಹೂಂ," ಅಂದರು. ಬೈದಿದ್ದರೆ ತಿರುಗಿ ಜಗಳವಾಡಬಹುದಿತ್ತು.

ಮದುವೆಯ ಹಿಂದಿನ ದಿನ ಎಂಟರ ಬಸ್ಸಿಗೆ ಹರಪನಹಳ್ಳಿಗೆ ಹೋದೆ. ದೊಡ್ಡ ಹಾಲಿನಲ್ಲಿ ಜಮಖಾನ ಹಾಸಿದ್ದರು, ಒಳಗೆ ಹೋಳಿಗೆಯ ಹೂರಣ ರುಬ್ಬುವ ಸದ್ದು. ಮದುಮಗಳು ಒಳ್ಳೆಯ ಹುಡುಗಿ, ಕೈ ಅಲ್ಲಾಡಿಸದೆ ಕುಂತಿದ್ದಳು. ಎಡಗೈ ಮುಗಿಸಿ ಬಲಗೈಯ ಅಂಗೈಗೆ ಬಂದಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಫೋನ್ ಬಡಿದುಕೊಂಡಿತು. ಮುಜೀಬ.

"ಖಾಜಾಬಿ ಹೋಗಿಬಿಟ್ಲು," ಅಂದರು.

ಖಾಜಾಬಿ ನಮ್ಮ ಎದುರು ಮನೆಯವಳು. ನಾನು ಮದುವೆಯಾಗಿ ಈ ಓಣಿಗೆ ಬಂದ ವರ್ಷ, ನನ್ನನ್ನು ಮಿಷನ್ನಿನ ಮುಂದೆ ಮೊದಲು ಕೂರಿಸಿ ಚಕ್ರ ತಿರುಗಿಸಲು ಕಲಿಸಿದವಳು. ತನ್ನ ಹಳೆಯ ಮಿಷನ್ನನ್ನೇ ನನಗೆ ಕೊಟ್ಟವಳು. ಮಕ್ಕಳಿಲ್ಲ, ಮರಿಯಿಲ್ಲ.

"ಮಧ್ಯಾಹ್ನದ ಜೋಹರ್ ನಮಾಜ್ ಆದ ಮ್ಯಾಲೆ ಒಯ್ತಾರಂತ. ಬಿಸಲು ಐತಿ, ತಡ ಮಾಡಂಗಿಲ್ಲ. ನಾ ಬೈಕ್ ತಗಂಡು ಬರ್ತೀನಿ ತಸ್ಲೀಮ್. ಮುಕ್ಕಾಲು ತಾಸಿನ ದಾರಿ. ಗುಸುಲ್ ಮುಗಿಸಿಬಿಡು, ಮತ್ತ ಅಲ್ಲೇ ತಂದು ಬಿಡ್ತೀನಿ."

ಗುಸುಲ್ ಬಿಡು ಎಂದು ಎಣಗಾಯಿಯ ಮುಂದೆ ಹೇಳಿದ್ದು ಇದೇ ಬಾಯಿ. ಸಿಟ್ಟು ಬಂತು, ಅಳುವೂ ಬಂತು. ಸೌಭಾಗ್ಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಸಣ್ಣ ಕೈಗಾಗಿ ಹೆಂಗಸರು ಸಾಲಾಗಿ ಕುಂತಿದ್ದರು. ತೊಳೆದು ಬಂದು ಅದೇ ಕೈಯಲ್ಲಿ ಈ ಹುಡುಗಿಯ ಕೈ ಹಿಡಿದರೆ ನನ್ನ ಮಾತು ಏನಾಯಿತು? ಹೋಗಿ ಬಾರದೆ ಉಳಿದರೆ ಮಳಿಗೆ ಏನಾಯಿತು?

"ಆಗಂಗಿಲ್ರಿ," ಅಂದೆ. "ನೀವ ಏನರ ನೋಡ್ಕರಿ."

"ಏನಾಯ್ತ್ರಿ, ಮುಖ ಹಿಂಗಾಗೈತೆ?" ಅಂದರು ಸೌಭಾಗ್ಯ.

"ಏನಿಲ್ರಿ. ರೊಟ್ಟಿ ಆರ್ಡರಿಂದು ಏನೋ ಗಲಾಟಿ."

ಮತ್ತೆ ಕೋನು ಹಿಡಿದೆ. ಕೈ ಎಂದಿನಷ್ಟೇ ಹಗುರ ಇತ್ತು. ಎಲೆ, ಬಳ್ಳಿ, ನವಿಲು ಎಲ್ಲ ಚೆನ್ನಾಗಿಯೇ ಬಂದವು. ಆ ದಿನ ಹಾಕಿದಷ್ಟು ಚಂದದ ಮೆಹಂದಿ ನಾನು ಯಾವತ್ತೂ ಹಾಕಿಲ್ಲ, ಆ ಮಾತಿಗೆ ಇಂದಿಗೂ ನನ್ನ ಮೇಲೆ ನನಗೆ ಹೇಸಿಗೆ. ಹೋಳಿಗೆ ಊಟಕ್ಕೆ ಎಬ್ಬಿಸಿದರು. ಹಲ್ಲುನೋವು ಅಂದೆ.

ಊರಿಗೆ ಬರುವಾಗ ಐದಾಗಿತ್ತು. ಎದುರು ಮನೆಯ ಅಂಗಳದಲ್ಲಿ ನೀರು ಕಾಯಿಸಿದ ಒಲೆಯ ಕಲ್ಲುಗಳು ಇನ್ನೂ ಬಿಸಿ ಇದ್ದವು, ಗುಸುಲಿನ ನೀರಿಗೆ ಹಾಕುವ ಬೋರೆ ಎಲೆ ಚೆಲ್ಲಿದ್ದವು. ನಮ್ಮ ಮನೆಯೊಳಗೆ ಅತ್ತೆ ಗೋಡೆಗೆ ಒರಗಿ ಕುಂತಿದ್ದರು. ಸೀರೆ ಮೊಣಕಾಲ ತನಕ ಒದ್ದೆ. ಗೌಸಿಯಾ ಅವರ ಬಲಗೈ ತಿಕ್ಕುತ್ತಿದ್ದಳು, ನನ್ನನ್ನು ನೋಡಿದ ಕೂಡಲೇ ಎದ್ದು ನಿಂತಳು.

"ಬಂದ್ಯಾ ಅಮ್ಮಿ? ಮುಗೀತಾ ನಿನ್ನ ಮದುವಿ ಮನಿ?"

"ಯಾರು ಮಾಡಿದ್ರು?"

"ಯಾರು ಮಾಡ್ತಾರ? ಓಣಿ ಹೆಂಗಸರೆಲ್ಲ ಹೊರಗ ಕುರಾನ್ ಓದ್ಕಂತ ಕುಂತ್ರು. ಒಳಗ ಬರ್ರಿ ಅಂದ್ರ ಒಬ್ಬಾಕಿಗೆ ಬಿಪಿ, ಒಬ್ಬಾಕಿಗೆ ಬಸುರಿ ಸೊಸಿ. ದಾದಿ ಒಂದ ಕೈಲೆ ಮಾಡಿದ್ಲು, ನಾನು ನೀರು ಹಾಕಿದೆ. ನನಗೇನು ಗೊತ್ತೈತಿ? ನೀನು ಒಂದಿನಾನರ ಕಲಿಸೀಯೇನು?" ಮಾತು ಮುಗಿಯುವ ಮುಂಚೆ ಅಳತೊಡಗಿದಳು.

ಮಾವ ಹೊರಗಿನ ಕಟ್ಟೆಯಿಂದಲೇ, "ಆಕಿಗೆ ಬೈಬ್ಯಾಡ ಗೌಸಿಯಾ. ತಪ್ಪು ನಂದು," ಅಂದರು. ಬರುವಾಗ ನೋಡಿದ್ದೆ, ಮುಜೀಬ ಗ್ಯಾರೇಜಿನ ಬಾಗಿಲು ಎಳೆದಿರಲಿಲ್ಲ, ಒಳಗೆ ಕೆಲಸವನ್ನೂ ಮಾಡುತ್ತಿರಲಿಲ್ಲ.

ನಾನು ಅತ್ತೆಯ ಪಕ್ಕ ಕುಂತೆ. ಅವರು ನನ್ನ ಮುಖ ನೋಡಲಿಲ್ಲ.

"ಬಲಮಗ್ಗಲು ಚೊಲೋ ತೊಳದೀನಿ," ಅಂದರು. "ಎಡಮಗ್ಗಲಿಗೆ ಹೊರಳಿಸಬೇಕಲ್ಲ, ನನ್ನ ಕೈಲೆ ಆಗಲಿಲ್ಲ. ಹುಡುಗಿ ಎತ್ತಾಕ ಬಂತು, ಆಕಿಗೂ ಜಗ್ಗಲಿಲ್ಲ. ಖಾಜಾಬಿ ಮೊದ್ಲ ಭಾರ. ಒಂದೀಟು ಎತ್ತಿ ನೀರು ಬಿಟ್ಟೀವಿ. ಬೆನ್ನಿಗೆ ಮುಟ್ಟಿತೋ ಇಲ್ಲೋ, ನನಗ ಕಾಣಲಿಲ್ಲ. ಮೂವತ್ತು ವರ್ಷದಾಗ ಯಾರನ್ನೂ ಹಂಗ ಕಳಿಸಿದ್ದಿಲ್ಲ ತಸ್ಲೀಮ್."

ನಾನು ಅವರ ಕಾಲು ಹಿಡಿದೆ. ಅವರು ಬಿಡಿಸಿಕೊಳ್ಳಲೂ ಇಲ್ಲ, ತಲೆ ಸವರಲೂ ಇಲ್ಲ.

ಸೌಭಾಗ್ಯ ಬಾಕಿ ಹಣ ಕಳಿಸಿದರು, ಮಗಳ ಕೈಯ ಫೋಟೋನೂ ಕಳಿಸಿದರು. ನಾನು ಆ ಫೋಟೋ ತೆರೆಯಲಿಲ್ಲ. ನಾನು ಗುಸುಲ್ ಬಿಟ್ಟೆ ಎಂಬ ಸುದ್ದಿ ಮಾತ್ರ ಎಲ್ಲ ಕಡೆ ಹಬ್ಬಿತು. ಆ ಬೋರ್ಡಿನ ಫೋಟೋಗಿಂತ ಜೋರಾಗಿ ಹಬ್ಬಿತು ಅಂದರೂ ಸರಿ. ಬಿಟ್ಟುಹೋದವರಲ್ಲಿ ಇಬ್ಬರು ಮತ್ತೆ ಬ್ಲೌಸು ತಂದರು. "ಚೊಲೋ ಆತು ಬಿಡವಾ," ಅಂದಳು ಒಬ್ಬಳು. ಅವಳ ಬ್ಲೌಸಿನ ತೋಳು ಎರಡು ಸಲ ಉಲ್ಟಾ ಹೊಲಿದೆ, ಎರಡು ಸಲ ಬಿಚ್ಚಿದೆ.

ಮೂರನೇ ತಿಂಗಳು ಮುಗಿಯಲು ಎಂಟು ದಿನ ಇತ್ತು. ಆ ತಿಂಗಳ ಬಾಡಿಗೆಗೆ ಇನ್ನೂ ಅರ್ಧ ಕಡಿಮೆ. ಅವತ್ತು ಮಧ್ಯಾಹ್ನ ಮಳಿಗೆಯಲ್ಲಿ ಅತ್ತೆ ಇದ್ದರು, ಕಾಲೇಜು ಬಿಟ್ಟು ಬಂದ ಗೌಸಿಯಾ ಫಾಲಿಗೆ ಮಡಿಕೆ ಹಾಕುತ್ತಿದ್ದಳು, ಮುಜೀಬ ಗ್ರೀಸು ಹತ್ತಿದ ಕೈಯಲ್ಲಿ ಚಹಾ ಕುಡಿಯಲು ಬಂದಿದ್ದರು. ಹಗರಿಬೊಮ್ಮನಹಳ್ಳಿಯಿಂದ ಫೋನ್ ಬಂತು. ಟೈಲ್ಸ್ ಅಂಗಡಿಯ ಸಾಬರ ಮನೆ. ಇಬ್ಬರು ಹೆಣ್ಣುಮಕ್ಕಳದೂ ಒಟ್ಟಿಗೆ ನಿಕಾಹ್. ನಾನು ಫೋನನ್ನು ಸ್ಪೀಕರಿಗೆ ಹಾಕಿ ಕತ್ತರಿ ಹಿಡಿದಿದ್ದೆ.

"ಎರಡು ದಿನ ಬಂದು ಇರಬೇಕಾಗ್ತೈತ್ರಿ. ರೊಕ್ಕಕ್ಕ ಹಿಂದಮುಂದ ನೋಡಂಗಿಲ್ಲ ನಾವು," ಅಂದಳು ಆಕೆ.

ಮುಜೀಬ ಗ್ಲಾಸು ಕೆಳಗಿಟ್ಟು ನನ್ನನ್ನು ನೋಡಿದರು. ಮಳಿಗೆ ಉಳಿಯಿತು ಎಂದು ಅವರ ಮುಖದಲ್ಲೇ ಬರೆದಿತ್ತು.

"ಮತ್ತ, ಕೊಟ್ಟೂರಾಗ ನಮ್ಮ ತಂಗಿ ಅದಾಳ, ಆಕಿ ಹೇಳಿದ್ಲು. ನೀವು ಆ ಮಯ್ಯತ್ ಕೆಲಸ ಬಿಟ್ಟೀರಂತಲ್ಲ? ಅದಕ್ಕ ಧೈರ್ಯ ಮಾಡಿ ಫೋನ್ ಮಾಡಿದೆ."

ಅತ್ತೆಯ ಕೈ ಹುಕ್ಕಿನ ಡಬ್ಬಿಯಲ್ಲಿ ನಿಂತಿತು. ಹೂಂ ಅಂದರೆ ಮುಗಿಯುತ್ತಿತ್ತು, ಒಂದೇ ಅಕ್ಷರ.

"ಇಲ್ರಿ," ಅಂದೆ. "ಬಿಟ್ಟಿಲ್ಲ. ನಡುವ ಒಂದ ಸಲ ತಪ್ಪಿತ್ತು, ಇನ್ನ ತಪ್ಪಂಗಿಲ್ಲ. ಬ್ಲೌಸ್ ಹೊಲೀತೀನಿ, ರೊಟ್ಟಿ ಬಡೀತೀನಿ, ಹುಡುಗರಿಗೆ ಪಾಠ ಹೇಳ್ತೀನಿ, ಮೆಹಂದಿ ಹಾಕ್ತೀನಿ, ಯಾರರ ಹೋದ್ರ ತೊಳದೂ ಕೊಡ್ತೀನಿ. ಎಲ್ಲಾ ಇದ ಕೈಲೆ. ಬ್ಯಾರೆ ಕೈ ಇಲ್ಲ ನನಗ. ಬೇಕಂದ್ರ ಕರೀರಿ, ಬರ್ತೀನಿ."

ಆ ಕಡೆ ಯಾರೋ ಒಳಗಿನಿಂದ ಏನೋ ಕೇಳಿದ್ದು ಕೇಳಿಸಿತು. "ಮನ್ಯಾಗ ಕೇಳಿ ಹೇಳ್ತೀನ್ರಿ," ಅಂದಳು. ಫೋನ್ ಕಟ್ಟಾಯಿತು.

ಮುಜೀಬ ಬಹಳ ಹೊತ್ತು ಗ್ರೀಸಿನ ಕೈ ಒರೆಸಿಕೊಂಡರು. "ಮತ್ತ ಮಳಿಗಿ?"

"ಬಿಡ್ತೀನಿ. ಐತಾರ ಮಿಷನ್ನು ಎತ್ತಿ ನಡುಮನಿಗೆ ಹಾಕ್ರಿ."

"ಥೂ, ಏನ್ ಹೆಂಗಸೋ ಏನೋ," ಅಂದರು. ಆದರೆ ಎದ್ದು ಹೋಗಲಿಲ್ಲ. ಮಿಷನ್ನಿನ ಕಾಲು ಎಷ್ಟು ಭಾರ ಇದೆ ಎಂದು ಒಮ್ಮೆ ಅಲ್ಲಾಡಿಸಿ ನೋಡಿದರು. ಗೌಸಿಯಾ ತನ್ನ ಪುಸ್ತಕ ಇನ್ನು ಎಲ್ಲಿಡಲಿ ಎಂದು ಗೊಣಗಿದಳು. ನನಗೂ ಗೊತ್ತಿರಲಿಲ್ಲ.

ಫೋನಿನ ಕೊನೆಯ ಮಾತು ಅತ್ತೆಗೆ ಸರಿಯಾಗಿ ಕೇಳಿಸಿರಲಿಲ್ಲ. "ಏನಂದ್ಲು ಆಕಿ?" ಎಂದು ಕೇಳಿದರು.

"ಫೋನ್ ಇಟ್ಲತ್ತಿ."

"ಇಟ್ರ ಇಡ್ಲಿ," ಅಂದರು ಮುನ್ನೀ ಬೀ, ಒಂದು ಹುಕ್ಕು ಆರಿಸಿ ಬದಿಗಿಡುತ್ತ. "ಗೌಸಿಯಾ, ಆ ನಂಬರ್ ಬರದಿಡು. ಅವರ ಮನ್ಯಾಗೂ ಮುದುಕೇರು ಇರ್ತಾರ."